ತಿನ್ನುವ ಸೇಬು, ಬೇಯಿಸುವ ಸೇಬು



ಮಾವಿನ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾದುದಿಲ್ಲ. ನಾಗಮಂಗಲದ ಸಂತೆಗೆ ಬಂದ ಗೃಹಿಣಿಯು ಸೀಕರಣೆಗೆ ರಸಪುರಿಯನ್ನೂ ಚಿತ್ರಾನ್ನಕ್ಕೆ ತೋತಾಪುರಿಯನ್ನೂ ಆರಿಸಿಕೊಳ್ಳುವಳೇ ಹೊರತು, ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೊರಡುವುದಿಲ್ಲ. ಆದರೆ ಸೇಬಿನ ಬಳಿಗೆ ಬಂದೊಡನೆ ಈ ವಿವೇಕವು ನಮ್ಮನ್ನು ಬಿಟ್ಟುಹೋಗುತ್ತದೆ. ಹಣ್ಣು ಕೆಂಪಾಗಿರಬೇಕು, ಹೊಳೆಯಬೇಕು. ಇಷ್ಟೇ ನಾವು ನೋಡುವ ಲಕ್ಷಣ. ಹಾಗೆ ನೋಡಿ, ಹೆಚ್ಚು ಬೆಲೆ ಕೊಟ್ಟು ತಂದ ಹಣ್ಣನ್ನು ಬೆಲ್ಲ ತುಪ್ಪಗಳೊಡನೆ ಓವನ್ನಿನಲ್ಲಿಟ್ಟರೆ, ಮುಕ್ಕಾಲು ಗಂಟೆಯ ಮೇಲೆ ಹೊರಬರುವುದು ಸಪ್ಪೆಯಾದೊಂದು ಮುದ್ದೆ. ಅತಿಥಿಗಳು ಮರ್ಯಾದೆಗಾಗಿ ಎರಡು ಚಮಚ ತಿಂದು ತಟ್ಟೆಯನ್ನು ಸರಿಸುತ್ತಾರೆ. ಮನೆಯಾಕೆ ತನ್ನ ಕೈಗುಣವನ್ನೇ ಹಳಿದುಕೊಳ್ಳುತ್ತಾಳೆ. ದೋಷವು ಕೈಯದಲ್ಲ, ಹಣ್ಣಿನ ಜಾತಿಯದು ಎಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಸೇಬಿನಲ್ಲಿ ನೂರಕ್ಕೆ ಸುಮಾರು 85 ಭಾಗ ನೀರು. ಉಳಿದುದರಲ್ಲಿ ಮುಖ್ಯವಾದುವು ಸಕ್ಕರೆ, ಮ್ಯಾಲಿಕ್ ಆಮ್ಲವೆಂಬ ಹುಳಿ, ಮತ್ತು ತಿರುಳಿನ ಕಣಗಳನ್ನು ಒಂದಕ್ಕೊಂದು ಬೆಸೆದಿರುವ ಪೆಕ್ಟಿನ್ ಎಂಬ ಪದಾರ್ಥ. ಹಣ್ಣು ಬೆಂದಾಗ ಈ ಬೆಸುಗೆ ಸಡಿಲವಾಗುತ್ತದೆ. ಅದು ಎಷ್ಟು ಬೇಗ ಸಡಿಲವಾಗುತ್ತದೆ ಎಂಬುದು ಜಾತಿಯಿಂದ ಜಾತಿಗೆ ಬೇರೆ. ಆದುದರಿಂದ ಅಡಿಗೆಗೆ ಸೇಬನ್ನು ಕೊಳ್ಳುವವರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬೆಲ್ಲದ ಸಿಹಿಯ ನಡುವೆಯೂ ಕೇಳಿಬರುವಷ್ಟು ಹುಳಿ ಇದರಲ್ಲಿ ಇದೆಯೆ? ಬೆಂದ ಮೇಲೂ ಇದರ ಹೋಳು ಹೋಳಾಗಿಯೇ ಉಳಿಯುವುದೆ? ಇವೆರಡೂ ಬೇರೆ ಬೇರೆ ಗುಣಗಳು. ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂಬ ನಿಯಮವಿಲ್ಲ.

ಇದಕ್ಕೆ ಇಂಗ್ಲೆಂಡಿನ ಬ್ರ್ಯಾಮ್ಲಿ ಸೇಬು ಒಳ್ಳೆಯ ನಿದರ್ಶನ. ಅದರ ಹುಳಿ ಬಲು ತೀಕ್ಷ್ಣ. ಆದರೆ ಬೆಂದೊಡನೆ ನೊರೆಯಂತೆ ಕರಗಿಬಿಡುತ್ತದೆ. ಗೊಜ್ಜಿನಂತಹ ಪಾಕಕ್ಕೆ ಅದು ಉತ್ತಮ, ಇಡಿಯಾಗಿ ಬೇಯಿಸುವುದಕ್ಕೆ ಅಷ್ಟಾಗಿ ಒದಗದು. ಆಸ್ಟ್ರೇಲಿಯದ ಸಿಡ್ನಿಯ ಸಮೀಪದಲ್ಲಿ 1868ರಲ್ಲಿ ಹುಟ್ಟಿದ ಗ್ರಾನಿ ಸ್ಮಿತ್, ಎಂದರೆ ನಮ್ಮ ಅಂಗಡಿಗಳ ಹಸುರು ಸೇಬು, ಹುಳಿಯೂ ಹೌದು, ಗಟ್ಟಿಯೂ ಹೌದು. ಹಳದಿಯ ಗೋಲ್ಡನ್ ಡೆಲಿಷಸ್ ಸಿಹಿಯಾದರೂ ಆಕಾರವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಇನ್ನು ನಮ್ಮ ಕಣ್ಣನ್ನು ಸೆಳೆಯುವ ಕಡುಗೆಂಪಿನ ಡೆಲಿಷಸ್ ಜಾತಿಗೆ ಹುಳಿಯೂ ಕಡಮೆ, ಬೆಂದರೆ ಬಿಗಿಯೂ ಉಳಿಯದು. ಹಸಿಯಾಗಿ ತಿನ್ನುವುದಕ್ಕೆ ಅದು ಸೊಗಸಾದ ಹಣ್ಣು. ಒಲೆಯ ಕೆಲಸಕ್ಕೆ ಹುಟ್ಟಿದುದಲ್ಲ.

ಹಾಗಾದರೆ ನಮ್ಮ ಪೇಟೆಗಳಲ್ಲಿ ಅದೇ ಏಕೆ ತುಂಬಿದೆ ಎಂದು ಕೇಳಬಹುದು. ಇದಕ್ಕೆ ಒಂದು ಚರಿತ್ರೆಯುಂಟು. ಹಿಮಾಲಯದ ಕುಲು ಕಣಿವೆಯಲ್ಲಿ 1870ರ ಸುಮಾರಿಗೆ ಕ್ಯಾಪ್ಟನ್ ಲೀ ಎಂಬಾತನು ಇಂಗ್ಲೆಂಡಿನ ಜಾತಿಗಳನ್ನು ನೆಡಿಸಿದನು. ಅವುಗಳ ಹುಳಿ ನಮ್ಮ ಜನರ ನಾಲಗೆಗೆ ಒಗ್ಗಲಿಲ್ಲ. ಅನಂತರ, 1916ರ ಸುಮಾರಿಗೆ, ಅಮೆರಿಕದಿಂದ ಬಂದು ಈ ದೇಶದವರೇ ಆಗಿಹೋದ ಸತ್ಯಾನಂದ ಸ್ಟೋಕ್ಸ್ ಅವರು ಕೋಟ್‌ಗಢದಲ್ಲಿ ಡೆಲಿಷಸ್ ಗಿಡಗಳನ್ನು ಬೆಳೆಸಿದರು. ಆ ಸಿಹಿಯನ್ನು ಜನರು ಮೆಚ್ಚಿದರು; ಬೆಟ್ಟದ ರೈತರಿಗೆ ಒಂದು ಜೀವನಮಾರ್ಗವೇ ತೆರೆಯಿತು. ಅದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೇಬೆಂದರೆ ಸಿಹಿಯಾದ ಕೆಂಪು ಹಣ್ಣು ಎಂಬ ಭಾವನೆಯೂ ಅದರೊಡನೆಯೇ ನಮ್ಮಲ್ಲಿ ಬೇರೂರಿತು.

ವಿಶೇಷವೇನೆಂದರೆ, ಒಲೆಗೆ ತಕ್ಕ ಸೇಬು ಒಂದು ಕಾಲಕ್ಕೆ ನಮ್ಮ ಸಂಸ್ಥಾನದಲ್ಲಿಯೇ ಬೆಳೆಯುತ್ತಿತ್ತು. ಬೆಂಗಳೂರಿನ ತೋಟಗಳಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೆಸರಾಗಿದ್ದ ಸೇಬು ರೋಮ್ ಬ್ಯೂಟಿ. ಇದು ಅಮೆರಿಕದ ಓಹಾಯೊ ಪ್ರಾಂತದ್ದು. ಹಸಿಯಾಗಿ ತಿಂದರೆ ಸಾಧಾರಣ, ಇಡಿಯಾಗಿ ಬೇಯಿಸಿದರೆ ಅಸಾಧಾರಣ. ದಪ್ಪ ಸಿಪ್ಪೆಯೊಳಗೆ ಅದರ ತಿರುಳು ಕುಸಿಯದೆ ನಿಲ್ಲುವುದರಿಂದ ಅಮೆರಿಕದ ಅಡಿಗೆಮನೆಗಳಲ್ಲಿ ಅದಕ್ಕೆ ಬೇಯಿಸುವ ಸೇಬುಗಳ ರಾಣಿ ಎಂಬ ಹೆಸರುಂಟು. ನಗರವು ಬೆಳೆದಂತೆ ಬೆಂಗಳೂರಿನ ಆ ತೋಟಗಳು ಮನೆಗಳಾಗಿ ಮಾರ್ಪಟ್ಟುವು. ಈ ರಾಣಿಯು ನಮ್ಮ ಬಾಗಿಲಲ್ಲಿದ್ದಾಗ ಆಕೆಯನ್ನು ಹಸಿಯಾಗಿ ಕಚ್ಚಿ, ಅಷ್ಟು ಸಿಹಿಯಿಲ್ಲವೆಂದು ಮುಖ ತಿರುಗಿಸಿದವರೂ ಇದ್ದಿರಬೇಕು.

ಈಗ ಆಯ್ಕೆಯ ಮಾತು. ಇಡಿಯಾಗಿ ಬೇಯಿಸುವುದಕ್ಕೆ ಗೋಲ್ಡನ್ ಡೆಲಿಷಸ್ ಒಳ್ಳೆಯದು. ಹುಳಿ ಬೇಕೆನ್ನುವವರು ಗ್ರಾನಿ ಸ್ಮಿತ್ ಆರಿಸಿಕೊಳ್ಳಬಹುದು. ಪೈ ಮಾಡುವವರು ಇವೆರಡನ್ನೂ ಸಮಸಮವಾಗಿ ಬೆರಸುವುದು ಲೇಸು. ಒಂದು ಹುಳಿಯನ್ನೂ ಇನ್ನೊಂದು ಸುವಾಸನೆಯನ್ನೂ ಕೊಡುತ್ತದೆ. ಸಣ್ಣ ಊರುಗಳಲ್ಲಿ ಕೆಂಪು ಡೆಲಿಷಸ್ ಒಂದೇ ದೊರೆತರೆ ಅದನ್ನು ಹಸಿಯಾಗಿಯೇ ಹಂಚುವುದು ಜಾಣತನ. ಬೇಯಿಸಲೇಬೇಕಾದರೆ ನಿಂಬೆಯ ರಸವನ್ನು ಹಿಂಡಿ, ಬಾಣಲೆಯಲ್ಲಿ ಪಾಕದಂತೆ ಕುದಿಸತಕ್ಕದ್ದು. ನಿಂಬೆಯು ಕಳೆದ ಹುಳಿಯನ್ನು ತಂದುಕೊಡಬಲ್ಲುದು. ಕಳೆದ ಬಿಗಿಯನ್ನು ತಂದುಕೊಡಲಾರದು.

ಜಾತಿ ಸರಿಯಾಗಿದ್ದರೂ ಹಣ್ಣು ಹಳೆಯದಾಗಿರಬಾರದು. ಬಹುಕಾಲ ಕೂಡಿಟ್ಟ ಸೇಬಿನಲ್ಲಿ ಹುಳಿಯೂ ಬಿಗಿಯೂ ಎರಡೂ ಕುಗ್ಗುತ್ತವೆ. ಹೊಸ ಬೆಳೆ ಬರುವ ಭಾದ್ರಪದ, ಆಶ್ವಯುಜಗಳೇ ಈ ಅಡಿಗೆಗೆ ಸುಕಾಲ. ಸಂದೇಹವಿದ್ದಲ್ಲಿ ಒಂದು ಹಣ್ಣನ್ನು ಮಾತ್ರ ಕೊಂಡು, ನಾಲ್ಕು ಹೋಳುಗಳನ್ನು ಸ್ವಲ್ಪ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ ನೋಡಿರಿ. ಹೋಳಿನ ಅಂಚು ಉಳಿದಿದ್ದರೆ ಉಳಿದ ಹಣ್ಣುಗಳನ್ನು ಧೈರ್ಯವಾಗಿ ಕೊಳ್ಳಬಹುದು.

ಪಾತ್ರೆಯ ವಿಷಯದಲ್ಲಿ ಎರಡು ಮಾತು. ಹಿತ್ತಾಳೆ ಕಂಚುಗಳ ಕೆಲಸಕ್ಕೆ ನಾಗಮಂಗಲವು ಹಿಂದಿನಿಂದಲೂ ಹೆಸರಾದುದು. ಅಂತಹ ಪಾತ್ರೆಗಳು ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಸೇಬಿನ ಹುಳಿಯು ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಕಿಲುಬನ್ನು ಬಿಡಿಸುತ್ತದೆ. ಅದು ವಾಂತಿಗೆ ಕಾರಣ. ಕಲಾಯಿ ಮಾಡಿಸಿದ ಪಾತ್ರೆಯಲ್ಲಿ ನೀರು ಬೆರೆತ ಪಾಕವನ್ನು ಕುದಿಸುವುದರಿಂದ ಹಾನಿಯಿಲ್ಲ. ಆದರೆ ಕಲಾಯಿಯ ತವರವು 232 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುವುದರಿಂದ, ಅಂತಹ ಪಾತ್ರೆಯನ್ನು ಬರಿದಾಗಿ ಕೆಂಡದ ಮೇಲಿಡುವುದು ಅಪಾಯಕರ. ಒಣಶಾಖದ ಅಡಿಗೆಗೆ ಗಾಜಿನ, ಪಿಂಗಾಣಿಯ ಅಥವಾ ಸ್ಟೀಲಿನ ಪಾತ್ರೆಯೇ ಸರಿ.

ಮಾಡುವ ಕ್ರಮವು ಸುಲಭ. ತಳವನ್ನು ತೂತುಮಾಡದೆ ಬೀಜದ ಗೂಡನ್ನು ತೆಗೆಯಿರಿ. ಹಣ್ಣಿನ ನಡುವಿನಲ್ಲಿ ಸುತ್ತಲೂ ಸಿಪ್ಪೆಯನ್ನು ತೆಳುವಾಗಿ ಕೊಯ್ಯಿರಿ. ಇಲ್ಲವಾದರೆ ಒಳಗಿನ ಹಬೆಯಿಂದ ಹಣ್ಣು ಒಡೆಯುತ್ತದೆ. ಮಂಡ್ಯದ ಬೆಲ್ಲದ ಪುಡಿ, ಒಣದ್ರಾಕ್ಷಿ, ಏಲಕ್ಕಿ, ಒಂದಿಷ್ಟು ತುಪ್ಪ, ಇವುಗಳನ್ನು ತುಂಬಿ, ತಳಕ್ಕೆ ಎರಡು ಮೂರು ಚಮಚ ನೀರು ಹಾಕಿ, 180 ಡಿಗ್ರಿ ಶಾಖದಲ್ಲಿ 40ರಿಂದ 45 ನಿಮಿಷ ಬೇಯಿಸತಕ್ಕದ್ದು.

ಮುಂದೆ ಅಂಗಡಿಗೆ ಹೋದಾಗ ಹಣ್ಣಿನ ಬೆಲೆಗೆ ಮೊದಲು ಹೆಸರನ್ನು ಕೇಳಿರಿ. ಕೇಳುವವರು ಹೆಚ್ಚಿದರೆ ಅಂಗಡಿಯವನೂ ಹೆಸರನ್ನು ಕಲಿಯುತ್ತಾನೆ, ಬೇರೆ ಜಾತಿಗಳನ್ನು ತರಿಸುತ್ತಾನೆ. ರಸಪುರಿಗೂ ತೋತಾಪುರಿಗೂ ನಾವು ಸಲ್ಲಿಸುತ್ತಿರುವ ಮರ್ಯಾದೆಯು ಸೇಬಿಗೂ ಸಲ್ಲಲಿ.