ಚೇಳಿನ ಕೊಂಡಿ, ನರದೊಳಗಿನ ಕ್ಯಾಲ್ಸಿಯಂ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಸುತ್ತಿನ ಮಡ್ಡಿ ಹೊಲಗಳಿಗೆ ದ್ರಾಕ್ಷಿ ಬಂತು, ಹನಿ ನೀರಾವರಿ ಬಂತು, ಒಣದ್ರಾಕ್ಷಿಯ ಶೆಡ್ಡುಗಳೂ ಬಂದವು. ಕಲ್ಲು ಮಾತ್ರ ಎಲ್ಲೂ ಹೋಗಲಿಲ್ಲ. ಕಲ್ಲಿನ ಜೊತೆ ಚೇಳೂ ಉಳಿಯಿತು. ಒಡ್ಡಿನ ಕಲ್ಲು ಎತ್ತುವಾಗ, ದ್ರಾಕ್ಷಿ ಬಳ್ಳಿ ಚಾಟ್ನಿ ಮಾಡಿ (ಸವರಿ) ಒಟ್ಟಿದ ಕಡ್ಡಿಗೆ ಕೈ ಹಾಕುವಾಗ, ರಾತ್ರಿ ಬರಿಗಾಲಲ್ಲಿ ಅಂಗಳಕ್ಕಿಳಿದಾಗ ಅದು ಕುಟುಕುತ್ತದೆ.

ಜನ ಹೆಚ್ಚು ಹೆದರುವುದು ಅಂಗೈ ತುಂಬುವಂಥ ಕರಿ ಚೇಳಿಗೆ. ಅದರ ಇಕ್ಕಳ ದಪ್ಪ, ನೋಟ ಭೀಕರ, ವಿಷ ಮಾತ್ರ ಅಷ್ಟು ಬಿರುಸಲ್ಲ. ಜೀವಕ್ಕೆ ಕುತ್ತು ತರುವುದು ಸಣಕಲು ಇಕ್ಕಳದ, ದಪ್ಪ ಬಾಲದ, ಬೆರಳುದ್ದದ ಕೆಂಪು ಚೇಳು. ಮಹಾರಾಷ್ಟ್ರದಿಂದ ಉತ್ತರ ಕರ್ನಾಟಕ, ಆಂಧ್ರದವರೆಗೂ ಇದರ ಹರವು. ಕಡಿದದ್ದು ಕಾಲ್ಬೆರಳನ್ನು, ಸೇರಿದ್ದು ಒಂದು ಹನಿಗಿಂತ ಕಡಿಮೆ ವಿಷ. ಹಾಗಿದ್ದೂ ಕೆಲವೇ ತಾಸುಗಳಲ್ಲಿ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇದಕ್ಕೆ ಕಾರಣ ಹುಡುಕುತ್ತ ಹೋದರೆ ನರಕೋಶದೊಳಗಿನ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನುಗಳ ಬಳಿಗೆ ಬರುತ್ತೇವೆ.

ಕ್ಯಾಲ್ಸಿಯಂ ಅಂದರೆ ಮೂಳೆ, ಹಲ್ಲು ಎಂದಷ್ಟೇ ನಮ್ಮ ತಿಳಿವಳಿಕೆ. ನರಕೋಶಕ್ಕೆ ಅದು ಸಂದೇಶ. ಕೋಶದ ಹೊರಗಿರುವ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಈ ಅಂತರ ಕಾಯಲು ಕೋಶದ ಪಂಪುಗಳು ಹಗಲಿರುಳು ದುಡಿಯುತ್ತವೆ. ವಿದ್ಯುತ್ ಸಂಕೇತವೊಂದು ನರದ ತುದಿಗೆ ಬಂದಾಗ ಕ್ಯಾಲ್ಸಿಯಂ ಬಾಗಿಲುಗಳು ಕ್ಷಣಮಾತ್ರ ತೆರೆಯುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂ ಸಿನಾಪ್ಟೊಟ್ಯಾಗ್ಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡದ್ದೇ ತಡ, ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ಒಡೆದು ಮುಂದಿನ ಕೋಶಕ್ಕೆ ಸುದ್ದಿ ಮುಟ್ಟುತ್ತದೆ. ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ ಇಷ್ಟೂ ಮುಗಿದಿರುತ್ತದೆ. ಈ ಪ್ರೋಟೀನಿನ ಕೆಲಸವನ್ನು ಬಿಡಿಸಿ ತೋರಿಸಿದ ಥಾಮಸ್ ಸ್ಯೂಡಾಫ್ 2013ರ ನೊಬೆಲ್ ಹಂಚಿಕೊಂಡರು.

ಸುದ್ದಿ ಮುಟ್ಟಿದ ಮೇಲೆ ಬಾಗಿಲು ಮುಚ್ಚಬೇಕು. ಕೆಂಪು ಚೇಳಿನ ವಿಷ ಕೈಯಿಡುವುದು ಅಲ್ಲಿಯೇ. ಅದು ವಿದ್ಯುತ್ ಸಂಕೇತವನ್ನು ಸಾಗಿಸುವ ನರದ ಸೋಡಿಯಂ ಬಾಗಿಲನ್ನು ಮುಚ್ಚಗೊಡುವುದಿಲ್ಲ, ಸಂಕೇತ ನಿಲ್ಲುವುದಿಲ್ಲ, ಕ್ಯಾಲ್ಸಿಯಂ ಬರುತ್ತಲೇ ಇರುತ್ತದೆ. ಸಿನಾಪ್ಟೊಟ್ಯಾಗ್ಮಿನ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತ ಚೀಲದ ಮೇಲೆ ಚೀಲ ಬರಿದುಮಾಡಿಸುತ್ತದೆ. ರಕ್ತಕ್ಕೆ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಸುರಿಯುತ್ತವೆ. ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗೆ, ಏರಿದ ರಕ್ತದೊತ್ತಡ. ವಿಷ ಹೃದಯವನ್ನು ಹುಡುಕಿಕೊಂಡು ಹೋಗಿ ಕೊಲ್ಲುವುದಕ್ಕಿಂತ ನಮ್ಮ ನರಗಳಿಂದಲೇ ಆ ಕೆಲಸ ಮಾಡಿಸುತ್ತದೆ ಎನ್ನಬೇಕು.

ವಿಷದಲ್ಲಿ ಇನ್ನೊಂದು ಅಸ್ತ್ರವೂ ಇದೆ. ನರಕೋಶದಲ್ಲಿ ಕಾಲ್ಮೋಡ್ಯುಲಿನ್ ಎಂಬ ಪ್ರೋಟೀನು ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿಯಬಲ್ಲದು. ಕ್ಯಾಲ್ಸಿಯಂ ಹೆಚ್ಚಿತೆಂದು ಕಂಡರೆ ಅದು ಒಂದು ಬಗೆಯ ಪೊಟ್ಯಾಸಿಯಂ ಬಾಗಿಲು ತೆರೆದು ನರವನ್ನು ತಣಿಸುತ್ತದೆ. ಅಂದರೆ ಬ್ರೇಕು. ಕೆಂಪು ಚೇಳಿನ ವಿಷದಿಂದ ವಿಜ್ಞಾನಿಗಳು ಬೇರ್ಪಡಿಸಿದ ಟ್ಯಾಮಾಪಿನ್ ಎಂಬ ಅಂಶ ಇದೇ ಬಾಗಿಲಿಗೆ ಹೊರಗಿನಿಂದ ಬಿರಡೆ ಜಡಿಯುತ್ತದೆ. ಅದು 2002ರಲ್ಲಿ ವರದಿಯಾಯಿತು. ಮಿದುಳಿನ ಈ ಬಾಗಿಲುಗಳನ್ನು ಅಭ್ಯಸಿಸಲು ಪ್ರಯೋಗಾಲಯಗಳಿಗೆ ಅದೀಗ ಒಳ್ಳೆಯ ಉಪಕರಣ. ನಮ್ಮ ಹೊಲದ ಚೇಳಿಗೆ ಅಂಥ ಮರ್ಯಾದೆ!

ಚೇಳಿಲ್ಲದೆಯೂ ಕ್ಯಾಲ್ಸಿಯಮ್ಮಿನ ಲೆಕ್ಕ ತಪ್ಪಬಹುದು. ಪಾರ್ಶ್ವವಾಯುವಿನಲ್ಲಿ ರಕ್ತ ನಿಂತರೆ, ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದರೆ ಪಂಪುಗಳು ಸೋಲುತ್ತವೆ. ಪಾರ್ವಾಲ್ಬುಮಿನ್, ಕಾಲ್ಬಿಂಡಿನ್‌ನಂಥ ಪ್ರೋಟೀನುಗಳು ಹೆಚ್ಚುವರಿ ಕ್ಯಾಲ್ಸಿಯಮ್ಮನ್ನು ಹಿಡಿದಿಡಲು ನೋಡುತ್ತವೆ, ಆದರೆ ಅವಕ್ಕೂ ಮಿತಿಯುಂಟು. ಆಮೇಲೆ ಕ್ಯಾಲ್ಸಿಯಮ್ಮಿನಿಂದ ಎಚ್ಚರಗೊಳ್ಳುವ ಕಾಲ್ಪೇನ್ ಎಂಬ ಕಿಣ್ವ ಕೋಶದ ಹಂದರವನ್ನೇ ಕತ್ತರಿಸತೊಡಗುತ್ತದೆ.

ಚೇಳಿನ ಪ್ರಕರಣದಲ್ಲಿ ಪರಿಹಾರ ದುಬಾರಿ ಯಂತ್ರದಿಂದ ಬರಲಿಲ್ಲ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ಬಳಸಿ ನೋಡಿದರು. ಅದು ಕ್ಯಾಲ್ಸಿಯಮ್ಮನ್ನು ತಡೆಯುವುದಿಲ್ಲ. ಸುರಿದ ನಾರ್‌ಅಡ್ರಿನಲಿನ್ ರಕ್ತನಾಳಗಳನ್ನು ಹಿಂಡದಂತೆ ತಡೆಯುತ್ತದೆ, ಅಷ್ಟೆ. ಹಿಂದೆ ತೀವ್ರ ಕಡಿತಕ್ಕೀಡಾದ 100 ಜನರಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದರು. ಆ ಸಂಖ್ಯೆ 4ಕ್ಕಿಂತ ಕೆಳಗಿಳಿಯಿತು. 2011ರಲ್ಲಿ ಬಾವಸ್ಕರ್ ದಂಪತಿ ಪ್ರಕಟಿಸಿದ 70 ರೋಗಿಗಳ ಅಧ್ಯಯನದಲ್ಲಿ, ಪ್ರಾಜೋಸಿನ್ ಜೊತೆ ಪ್ರತಿವಿಷವನ್ನೂ ಪಡೆದವರು ಇನ್ನೂ ಬೇಗ ಚೇತರಿಸಿಕೊಂಡರು.

ಬರೀ ಉರಿ, ನೋವು ಇದ್ದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಮಂತ್ರಕ್ಕೆ, ಉಳ್ಳಾಗಡ್ಡಿ ತಿಕ್ಕುವುದಕ್ಕೆ ಹೆಸರು ಬಂದದ್ದು ಇಂಥ ಕಡಿತಗಳಿಂದಲೇ. ಬೆವರು, ವಾಂತಿ, ತಣ್ಣನೆಯ ಕೈಕಾಲು ಕಂಡರೆ ಮಾತ್ರ ತಾಸು ಕಳೆಯಬೇಡಿ. ಕಡಿದದ್ದು ಮಗುವನ್ನಾದರೆ ಲಕ್ಷಣ ಕಾಯುತ್ತ ಕೂಡ್ರುವುದೂ ಬೇಡ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಬೇಕಾದರೆ ವಿಜಯಪುರಕ್ಕೆ, ಆ ರಾತ್ರಿಯೇ ಕರೆದೊಯ್ಯಿರಿ.