ಕುಲಾವಿಗಿಂತ ಮೊದಲು: ತಂದೆಯಾಗಲಿರುವವನ ಸಿದ್ಧತೆ

'ಕೂಸು ಹುಟ್ಟುವ ಮುನ್ನ ಕುಲಾವಿ' ಎಂಬ ಗಾದೆ ಕನ್ನಡ ನಾಡಿನಲ್ಲಿ ಮನೆಮಾತು. ಆಗದ ಕಾರ್ಯಕ್ಕೆ ಆತುರಪಡುವವರನ್ನು ಪರಿಹಾಸ ಮಾಡುವ ಮಾತಿದು. ಹುಟ್ಟಲಿರುವ ಮಗುವಿಗಾಗಿ ಬಟ್ಟೆಬರೆ, ತೊಟ್ಟಿಲುಗಳನ್ನು ಮುಂಚಿತವಾಗಿ ಕೊಳ್ಳಬಾರದೆಂಬ ನಂಬಿಕೆಯೂ ಅನೇಕ ಮನೆತನಗಳಲ್ಲಿದೆ. ಕುಲಾವಿಯ ಮಟ್ಟಿಗೆ ಈ ನಂಬಿಕೆಯಿಂದ ಹಾನಿಯೇನೂ ಇಲ್ಲ. ಹುಟ್ಟಿದ ಮಗುವಿಗೆ ಮೊದಲ ದಿನ ಬೇಕಾಗುವುದು ಒಗೆದು ಒಣಗಿಸಿದ ನಾಲ್ಕಾರು ಮೆತ್ತನೆಯ ಹತ್ತಿಯ ಬಟ್ಟೆ, ತಲೆಗೊಂದು ಟೋಪಿ, ತಾಯಿಯ ಮೈಯ ಬೆಚ್ಚಗೆ, ಇಷ್ಟೇ. ಆದರೆ ಕೂಸು ಹುಟ್ಟುವ ಮುನ್ನವೇ ಆಗಲೇಬೇಕಾದ ಬೇರೆ ಕೆಲಸಗಳಿವೆ. ಊರು ಬಿಟ್ಟು ಮಹಾನಗರದಲ್ಲಿ ನೆಲೆಸಿದ ಕುಟುಂಬಗಳಲ್ಲಿ ಅವುಗಳ ಬಹುಭಾಗ ತಂದೆಯಾಗಲಿರುವವನ ಪಾಲಿಗೆ ಬಂದಿದೆ.

ಅವಿಭಕ್ತ ಕುಟುಂಬದಲ್ಲಿ ಗಂಡನಿಗೆ ಈ ಹೊರೆ ಇರಲಿಲ್ಲ. ಬಸುರಿಯ ಮುಖ ನೋಡಿ ಆಕೆಯ ಆಯಾಸವನ್ನು ಅರಿಯುವ ಅತ್ತೆ, ಬಯಕೆಯನ್ನು ಕೇಳಿ ತೀರಿಸುವ ಅತ್ತಿಗೆ, ಅಪವೇಳೆಯಲ್ಲಿ ಕೂಗಿದರೆ ಓಡಿಬರುವ ನೆರೆಯವರು ಇರುತ್ತಿದ್ದರು. ಏಳನೆಯ ತಿಂಗಳಲ್ಲಿ ಸೀಮಂತ, ಬಳಿಕ ತವರು. ಗಂಡನಿಗೆ ಉಳಿಯುತ್ತಿದ್ದುದು ಕಾಗದದ ನಿರೀಕ್ಷೆ ಮಾತ್ರ. ಡೊಂಬಿವಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಗಂಡಹೆಂಡಿರು ಇಬ್ಬರೇ ಇರುವಾಗ, ಆ ಅತ್ತೆಯೂ ಅತ್ತಿಗೆಯೂ ನೆರೆಯವರೂ ಆತನೇ ಆಗಬೇಕಾಗುತ್ತದೆ. ಸೀಮಂತೋನ್ನಯನವೆಂಬ ಸಂಸ್ಕಾರದಲ್ಲಿ ಪತ್ನಿಯ ಬೈತಲೆ ತೆಗೆಯುವ ಕರ್ತೃ ಪತಿಯೇ ಎಂಬುದನ್ನು ನೆನೆದರೆ, ಈ ಹೊಣೆ ತೀರ ಹೊಸದೆಂದೂ ಹೇಳುವಂತಿಲ್ಲ.

ಮೂರು ವಿಳಂಬಗಳು

ಭಾರತದಲ್ಲಿ 2004–06ರ ಅವಧಿಯಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 254 ತಾಯಂದಿರು ಗರ್ಭ ಮತ್ತು ಪ್ರಸವ ಸಂಬಂಧದ ಕಾರಣಗಳಿಂದ ಮೃತರಾಗುತ್ತಿದ್ದರು. 2018–20ರ ವೇಳೆಗೆ ಈ ಸಂಖ್ಯೆ 97ಕ್ಕೆ ಇಳಿಯಿತು. ಇದು ಸಮಾಧಾನದ ಸಂಗತಿ. ಆದರೂ ಉಳಿದ ಮರಣಗಳಲ್ಲಿ ಬಹುತೇಕ ತಪ್ಪಿಸಬಹುದಾದವು. ಇವು ಸಂಭವಿಸುವ ಬಗೆಯನ್ನು ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು 1994ರಲ್ಲಿ ಮೂರು ವಿಳಂಬಗಳಾಗಿ ವಿಂಗಡಿಸಿದರು. ಅಪಾಯವನ್ನು ಗುರುತಿಸಿ ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವುದರಲ್ಲಿ ಆಗುವ ತಡ ಮೊದಲನೆಯದು. ಆಸ್ಪತ್ರೆಯನ್ನು ತಲುಪುವುದರಲ್ಲಿ ಆಗುವ ತಡ ಎರಡನೆಯದು. ತಲುಪಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವುದರಲ್ಲಿ ಆಗುವ ತಡ ಮೂರನೆಯದು. ತಂದೆಯಾಗುವವನು ವೈದ್ಯನಾಗಬೇಕಾಗಿಲ್ಲ. ಆದರೆ ಈ ಮೂರು ವಿಳಂಬಗಳನ್ನೂ ಕಡಿಮೆ ಮಾಡುವ ಶಕ್ತಿ ಮನೆಯಲ್ಲಿ ಆತನಷ್ಟು ಇನ್ನಾರಿಗೂ ಇಲ್ಲ. ಆತನ ಸಿದ್ಧತೆಯ ಸಾರವೆಲ್ಲ ಇದರಲ್ಲಿ ಅಡಗಿದೆ.

ಮೊದಲ ಮೂರು ತಿಂಗಳು

ಕೊನೆಯ ಮುಟ್ಟಿನ ಮೊದಲ ದಿನದಿಂದ ಗರ್ಭಕಾಲವನ್ನು 280 ದಿನಗಳೆಂದು ಎಣಿಸುವುದು ರೂಢಿ. ಆ ತಾರೀಖನ್ನು ಬರೆದಿಟ್ಟುಕೊಳ್ಳುವುದೇ ಮೊದಲ ಕೆಲಸ. ಗರ್ಭ ನಿಂತಿತೆಂದು ತಿಳಿದೊಡನೆ, ಮೂರು ತಿಂಗಳು ತುಂಬುವವರೆಗೆ ಕಾಯದೆ, ವೈದ್ಯರಲ್ಲಿ ಹೆಸರು ನೋಂದಾಯಿಸತಕ್ಕದ್ದು. ಮಗುವಿನ ಮೆದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವುದು ಮೊದಲ ವಾರಗಳಲ್ಲಿಯೇ ಆದುದರಿಂದ, ಫೋಲಿಕ್ ಆಮ್ಲದ ಮಾತ್ರೆ ಆಗಲೇ ಆರಂಭವಾಗಬೇಕು. ಗರ್ಭ ಧರಿಸುವ ಮುನ್ನವೇ ಆರಂಭಿಸಿದ್ದರೆ ಇನ್ನೂ ಉತ್ತಮ. ಸುದ್ದಿಯನ್ನು ಮೂರು ತಿಂಗಳು ಯಾರಿಗೂ ಹೇಳಬಾರದೆಂಬ ರೂಢಿಯನ್ನು ಬಂಧುಗಳ ವಿಷಯದಲ್ಲಿ ಪಾಲಿಸಬಹುದು. ವೈದ್ಯರ ವಿಷಯದಲ್ಲಿ ಸಲ್ಲದು.

ರಕ್ತಪರೀಕ್ಷೆ ಗರ್ಭಿಣಿಗೆ ಮಾತ್ರವೆಂಬುದು ಸಾಮಾನ್ಯ ಭಾವನೆ. ಪತಿಯ ರಕ್ತದ ಗುಂಪೂ ತಿಳಿದಿರಬೇಕು. ತಾಯಿಯದು ಆರ್‌ಎಚ್ ನೆಗೆಟಿವ್, ತಂದೆಯದು ಪಾಸಿಟಿವ್ ಆಗಿದ್ದರೆ, ಮಗುವೂ ಪಾಸಿಟಿವ್ ಆಗಿರುವ ಸಂಭವವಿದೆ. ಮಗುವಿನ ರಕ್ತಕಣಗಳು ತಾಯಿಯ ರಕ್ತವನ್ನು ಸೇರಿದಾಗ ಆಕೆಯ ದೇಹ ಅವುಗಳ ವಿರುದ್ಧ ಪ್ರತಿವಿಷವನ್ನು ಉತ್ಪಾದಿಸುತ್ತದೆ. ಚೊಚ್ಚಲ ಮಗುವಿಗೆ ಇದರಿಂದ ಬಹುಮಟ್ಟಿಗೆ ತೊಂದರೆಯಾಗದು. ಮುಂದಿನ ಮಗುವಿಗೆ ಪ್ರಾಣಾಪಾಯ ಒದಗಬಹುದು. 28ನೆಯ ವಾರದ ಸುಮಾರಿಗೆ ಒಮ್ಮೆ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯ ಬಳಿಕ 72 ಗಂಟೆಗಳೊಳಗೆ ಮತ್ತೊಮ್ಮೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಇದನ್ನು ತಡೆಯುತ್ತದೆ. ಹಾಗೆಯೇ ಪತ್ನಿ ಥಲಸ್ಸೇಮಿಯ ರೋಗದ ವಾಹಕಳೆಂದು ಕಂಡುಬಂದಲ್ಲಿ, ಪತಿಯೂ ಕೂಡಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇಬ್ಬರೂ ವಾಹಕರಾಗಿದ್ದರೆ ಮಗುವಿಗೆ ತೀವ್ರ ರೋಗ ಬರುವ ಸಂಭವ ಪ್ರತಿ ಗರ್ಭದಲ್ಲೂ ನಾಲ್ಕರಲ್ಲೊಂದು ಪಾಲು.

ಧೂಮಪಾನದ ಚಟವುಳ್ಳವನು ಅದನ್ನು ಬಿಡಲು ಇದಕ್ಕಿಂತ ತಕ್ಕ ಕಾಲ ಬೇರಿಲ್ಲ. ಇಕ್ಕಟ್ಟಾದ ಮನೆಯಲ್ಲಿ ಗಂಡ ಸೇದಿದ ಹೊಗೆ ಹೆಂಡತಿಯ ಉಸಿರನ್ನೂ ಸೇರಿ, ಗರ್ಭದಲ್ಲಿನ ಮಗುವಿನ ತೂಕವನ್ನು ಕುಂದಿಸುತ್ತದೆ.

ಹುಟ್ಟುವುದು ಗಂಡೋ ಹೆಣ್ಣೋ ಎಂಬ ಕುತೂಹಲದ ಬಗೆಗೂ ಒಂದು ಮಾತು. ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ವೀರ್ಯಾಣುವಿನಲ್ಲಿರುವ ಎಕ್ಸ್ ಅಥವಾ ವೈ ವರ್ಣತಂತು. ತಾಯಿಯ ಅಂಡಾಣುವಿನಲ್ಲಿರುವುದು ಎಕ್ಸ್ ಮಾತ್ರ. ಆದುದರಿಂದ ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವುದು ಅವಿವೇಕ. ಸ್ಕ್ಯಾನಿಂಗ್ ಮಾಡುವವರಲ್ಲಿ ಲಿಂಗವನ್ನು ವಿಚಾರಿಸುವುದು 1994ರ ಕಾಯಿದೆಯ ಪ್ರಕಾರ ಅಪರಾಧ. ಊರಿನಿಂದ ಹಿರಿಯರು ಒತ್ತಾಯಪಡಿಸಿದಾಗ ಸ್ಪಷ್ಟವಾಗಿ ಇಲ್ಲವೆನ್ನಬೇಕಾದವನು ಮಗನೇ.

ನಡುವಿನ ತಿಂಗಳುಗಳು

ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶದ ಮಾತ್ರೆ ಮತ್ತು ಸುಣ್ಣದ ಅಂಶದ ಮಾತ್ರೆಗಳನ್ನು ವೈದ್ಯರು ಬರೆದುಕೊಡುತ್ತಾರೆ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ಅದು ತೀವ್ರ ಸ್ಥಿತಿ. ರಕ್ತಹೀನತೆಯುಳ್ಳ ತಾಯಿ, ಇತರರು ತಾಳಿಕೊಳ್ಳಬಲ್ಲಷ್ಟು ರಕ್ತಸ್ರಾವವನ್ನೂ ಹೆರಿಗೆಯ ಕಾಲದಲ್ಲಿ ತಾಳಲಾರಳು. ಈ ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದು. ಕಾಫಿ, ಚಹಾದೊಡನೆಯಂತೂ ಕಬ್ಬಿಣದ ಮಾತ್ರೆ ಸಲ್ಲದು, ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಿಂಬೆಹಣ್ಣಿನ ಪಾನಕ ಅದಕ್ಕೆ ಸಹಕಾರಿ. ಮಾತ್ರೆಯಿಂದ ಮಲಬದ್ಧತೆ, ವಾಕರಿಕೆ ಉಂಟಾಗಿ ಅನೇಕರು ಗುಟ್ಟಾಗಿ ಬಿಟ್ಟುಬಿಡುತ್ತಾರೆ. ಗದರಿಸದೆ ಕಾರಣ ಕೇಳಿ, ವೈದ್ಯರಿಂದ ಬೇರೆ ಮಾತ್ರೆ ಬರೆಸುವುದು ಪತಿಯ ಕೆಲಸ.

ಆಹಾರದಲ್ಲಿ ದುಬಾರಿ ಪುಡಿಗಳ ಅಗತ್ಯವಿಲ್ಲ. ಸೊಪ್ಪು, ಬೇಳೆ, ಹಾಲು, ಕಡಲೆಕಾಯಿ, ಒಗ್ಗುವವರಿಗೆ ಮೊಟ್ಟೆ, ಮೀನು ಸಾಕು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲ್ಪಟ್ಟು ಸುಣ್ಣದ ಅಂಶವಿದೆ. ಮುಂಬಯಿ, ಪುಣೆಗಳಲ್ಲಿ ಅದನ್ನೇ ನಾಚಣಿ ಎಂದೂ, ಚೆನ್ನೈನಲ್ಲಿ ಕೇಳ್ವರಗು ಎಂದೂ ಮಾರುತ್ತಾರೆ. ಕೇಸರಿಯ ಹಾಲಿನಿಂದ ಮಗುವಿನ ಬಣ್ಣ ಬೆಳ್ಳಗಾಗದು. ಆ ಹಣಕ್ಕೆ ಹಣ್ಣು ತಂದರೆ ಪ್ರಯೋಜನ ಹೆಚ್ಚು.

ಪ್ರತಿ ತಪಾಸಣೆಯಲ್ಲೂ ರಕ್ತದೊತ್ತಡ ಮತ್ತು ತೂಕ ನೋಡಿಸಬೇಕು. ರಕ್ತದಲ್ಲಿನ ಸಕ್ಕರೆಯ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಮಾಡಿಸುವುದು ಯುಕ್ತ. ಸಾಧ್ಯವಾದಾಗಲೆಲ್ಲ ಪತಿ ಜೊತೆಗೆ ಹೋಗಿ, ವೈದ್ಯರು ಹೇಳಿದ್ದನ್ನು ಬರೆದುಕೊಳ್ಳಬೇಕು. ಪರಭಾಷೆಯ ಊರಿಗೆ ಹೊಸದಾಗಿ ಬಂದ ಹೆಣ್ಣುಮಗಳಿಗೆ ಮರಾಠಿಯಲ್ಲೋ ಹಿಂದಿಯಲ್ಲೋ ತನ್ನ ನೋವನ್ನು ಹೇಳಿಕೊಳ್ಳುವುದು ಸುಲಭವಲ್ಲ. ರಜೆ ಸಿಗದವರಿಗೆ ಮತ್ತು ಅನುಕೂಲ ಕಡಿಮೆಯಿರುವವರಿಗೆ ಸರ್ಕಾರಿ ಆಸ್ಪತ್ರೆಗಳು ಆಧಾರ. ಅಲ್ಲಿ ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಯೋಜನೆ 2016ರಲ್ಲಿ ಆರಂಭವಾಯಿತು. ಹೆರಿಗೆ, ಸಿಸೇರಿಯನ್ ಶಸ್ತ್ರಕ್ರಿಯೆ, ಔಷಧ, ರಕ್ತಗಳನ್ನು ಅಲ್ಲಿ ಉಚಿತವಾಗಿ ಒದಗಿಸುವ ಯೋಜನೆ 2011ರಿಂದ ಬಂದಿದೆ.

ಹೆರಿಗೆ ಎಲ್ಲಿ?

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಸಂಪ್ರದಾಯಕ್ಕೆ ಗಟ್ಟಿಯಾದ ಅರ್ಥವಿದೆ. ತಾಯಿಯ ಕೈಯ ಬಾಣಂತನಕ್ಕೆ ಸಮನಾದುದಿಲ್ಲ. ಆದರೂ ನಿರ್ಧರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ತವರಿನ ಮನೆಯಿಂದ, ರಾತ್ರಿ ವೇಳೆಯಲ್ಲೂ ಸಿಸೇರಿಯನ್ ಮಾಡಬಲ್ಲ ಆಸ್ಪತ್ರೆ ಎಷ್ಟು ದೂರ? ಅಲ್ಲಿ ರಕ್ತ ದೊರೆಯುವುದೇ? ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯಿದೆಯೇ? ರಕ್ತದೊತ್ತಡ, ಅವಳಿ ಗರ್ಭ ಮೊದಲಾದ ತೊಡಕುಗಳಿದ್ದಲ್ಲಿ, ಮಗಳು ಊರಿಗೆ ಹೋಗುವ ಬದಲು ತಾಯಿಯೇ ನಗರಕ್ಕೆ ಬರುವುದು ಲೇಸು. ಈ ಮಾತನ್ನು ಅತ್ತೆ ಮಾವಂದಿರಿಗೆ ಗೌರವದಿಂದ, ಏಳನೆಯ ತಿಂಗಳಿಗಿಂತ ಮುಂಚೆಯೇ ತಿಳಿಸಬೇಕು.

ಊರಿಗೆ ಹೋಗುವುದೆಂದಾದರೆ ಪ್ರಯಾಣವನ್ನು ಕೊನೆಯ ವಾರಗಳಿಗೆ ಉಳಿಸಬಾರದು. ಮುಂಬಯಿಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿಯ ದಾರಿ. ವೈದ್ಯರ ಪ್ರಮಾಣಪತ್ರವಿದ್ದಲ್ಲಿ ಗರ್ಭಿಣಿಯರಿಗೆ ಕೆಳಗಿನ ಬರ್ತಿನ ಕೋಟಾ ರೈಲ್ವೆಯಲ್ಲಿದೆ. ತಪಾಸಣೆಯ ಚೀಟಿ, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಕಾಗದಗಳ ಒಂದು ಪ್ರತಿ ಆಕೆಯ ಕೈಯಲ್ಲಿ, ಇನ್ನೊಂದು ಪತಿಯ ಬಳಿ ಇರಬೇಕು. ಕರ್ನಾಟಕ ತಲುಪಿದೊಡನೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಹೆಸರು ಹಚ್ಚಿಸಿ ತಾಯಿ ಕಾರ್ಡ್ ಮಾಡಿಸುವುದು ಒಳ್ಳೆಯದು.

ರಜೆಯ ವಿಚಾರವನ್ನೂ ಮೊದಲೇ ಯೋಚಿಸತಕ್ಕದ್ದು. ಇಬ್ಬರಿಗಿಂತ ಕಡಿಮೆ ಮಕ್ಕಳಿರುವ ಕೇಂದ್ರ ಸರ್ಕಾರಿ ನೌಕರನಿಗೆ 15 ದಿನಗಳ ಪಿತೃತ್ವ ರಜೆ ಉಂಟು. ಹೆರಿಗೆಯ ನಂತರದ ಆರು ತಿಂಗಳೊಳಗೆ ಅದನ್ನು ಬಳಸಬಹುದು. ಖಾಸಗಿ ಉದ್ಯೋಗದಲ್ಲಿರುವವರು ತಮ್ಮ ಕಛೇರಿಯ ನಿಯಮವನ್ನು ವಿಚಾರಿಸಿಕೊಳ್ಳಬೇಕು.

ಕೊನೆಯ ತಿಂಗಳುಗಳು

ಮೊದಲನೆಯ ವಿಳಂಬವನ್ನು ತಪ್ಪಿಸುವ ಉಪಾಯ ಅಪಾಯಚಿಹ್ನೆಗಳನ್ನು ಬಾಯಿಪಾಠ ಮಾಡಿಕೊಳ್ಳುವುದು. ಯಾವ ತಿಂಗಳಲ್ಲೇ ಆಗಲಿ ರಕ್ತಸ್ರಾವ, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ, ಕೈಗಳ ಬಾವು, ಸೆಳವು, ತೀವ್ರ ಹೊಟ್ಟೆನೋವು, ಜ್ವರ, ನೋವು ಬರುವ ಮುನ್ನವೇ ನೀರು ಒಡೆದು ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಕೂಡದು, ಊರಿಗೆ ಫೋನು ಮಾಡಿ ಹಿರಿಯರನ್ನು ಕೇಳುತ್ತಲೂ ಕೂಡಬಾರದು. ಮೊದಲು ಆಸ್ಪತ್ರೆ, ಆಮೇಲೆ ಫೋನು. ತಲೆನೋವು, ಬಾವುಗಳ ಹಿಂದೆ ಅಡಗಿರಬಹುದಾದ ಗರ್ಭನಂಜು, 20ನೆಯ ವಾರದ ಬಳಿಕ ರಕ್ತದೊತ್ತಡ 140/90ಕ್ಕೆ ಏರುವುದರಿಂದ ಸೂಚನೆ ಕೊಡುತ್ತದೆ. ನಿರ್ಲಕ್ಷಿಸಿದರೆ ತಾಯಿ ಮಗು ಇಬ್ಬರಿಗೂ ಮಾರಕವಾಗಬಹುದು.

ಎರಡನೆಯ ವಿಳಂಬಕ್ಕೆ ಪರಿಹಾರ ದಾರಿಯ ಅರಿವು. ಆಸ್ಪತ್ರೆಗೆ ಹಗಲಿನಲ್ಲೊಮ್ಮೆ, ರಾತ್ರಿಯಲ್ಲೊಮ್ಮೆ ಹೋಗಿ ಬಂದು ಹಿಡಿಯುವ ವೇಳೆಯನ್ನು ಅಳೆಯಬೇಕು. ಮುಂಬಯಿಯಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ರೈಲು, ರಸ್ತೆಗಳೆಲ್ಲ ನಿಂತುಹೋಗಿದ್ದವು. ಮಳೆಗಾಲದಲ್ಲಿ ದಿನ ತುಂಬುವವರು ರೈಲುಹಳಿ ದಾಟದೆ ತಲುಪಬಹುದಾದ ಇನ್ನೊಂದು ಆಸ್ಪತ್ರೆಯನ್ನೂ ಗೊತ್ತುಮಾಡಿಕೊಳ್ಳುವುದು ವಿವೇಕ. 108 ಆಂಬುಲೆನ್ಸ್, ಪರಿಚಯದ ಟ್ಯಾಕ್ಸಿಯವನು, ರಾತ್ರಿ ಬಾಗಿಲು ತಟ್ಟಬಹುದಾದ ಒಬ್ಬ ನೆರೆಯವರು, ಇವರ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಂಟಿಸಬೇಕು. ಗಂಡ ಕಛೇರಿಯಲ್ಲಿದ್ದಾಗಲೂ ನೋವು ಬರಬಹುದಷ್ಟೆ.

ಮೂರನೆಯ ವಿಳಂಬ ಆಸ್ಪತ್ರೆಯೊಳಗಿನದು. ಕಾಗದಗಳ ಚೀಲ, ಸ್ವಲ್ಪ ಹಣ, ಅಗತ್ಯ ಬಿದ್ದರೆ ರಕ್ತ ಕೊಡಲು ಒಪ್ಪಿದ ಇಬ್ಬರು ಮಿತ್ರರು ಸಿದ್ಧವಿದ್ದರೆ ಆ ತಡವೂ ತಗ್ಗುತ್ತದೆ. ಹೆರಿಗೆಯ ಕೋಣೆಯಲ್ಲಿ ಜೊತೆಗಿರಲು ಪತಿಗೆ ಅವಕಾಶವಿದೆಯೇ ಎಂಬುದನ್ನು ಆಸ್ಪತ್ರೆಯವರಲ್ಲಿ ಮೊದಲೇ ಕೇಳಿಟ್ಟುಕೊಳ್ಳಬಹುದು.

ಹೆರಿಗೆಯ ನಂತರ

ಮಗುವಿಗೆ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಗಬೇಕು. ಮೊದಲ ದಿನಗಳ ಗಟ್ಟಿಯಾದ ಹಳದಿ ಹಾಲನ್ನು ಚೆಲ್ಲಬಾರದು. ಅದರಲ್ಲಿ ರೋಗನಿರೋಧಕ ಶಕ್ತಿಯಿದೆ. ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವ ಪದ್ಧತಿ ಅಪಾಯಕರ. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ನೀರೂ ಬೇಡ. ಬಿ.ಸಿ.ಜಿ., ಪೋಲಿಯೊ ಮತ್ತು ಹೆಪಟೈಟಿಸ್-ಬಿ ಲಸಿಕೆಗಳು ಹುಟ್ಟಿದೊಡನೆ ಆಗಬೇಕಾದವು.

ಜನನದ ನೋಂದಣಿ 21 ದಿನಗಳೊಳಗೆ ನಡೆಯಬೇಕು. ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ, ತಂದೆ ತಾಯಿ ವಾಸಿಸುವ ಊರಿನಲ್ಲಲ್ಲ. ತವರಿನಲ್ಲಿ ಹೆರಿಗೆಯಾದವರು ಊರು ಬಿಡುವ ಮುನ್ನ ಪ್ರಮಾಣಪತ್ರ ಪಡೆಯದಿದ್ದರೆ, ಶಾಲೆಯ ಪ್ರವೇಶದ ಕಾಲಕ್ಕೆ ಮತ್ತೆ ಅಲೆಯಬೇಕಾದೀತು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಜನ್ಮದಿನಾಂಕದ ಸಾಕ್ಷ್ಯವಾಗಿ ಈ ಪತ್ರವೇ ಮುಖ್ಯವಾಗಿದೆ.

ಬಾಣಂತಿ ಕಾರಣವಿಲ್ಲದೆ ಅಳುವುದು ಮೊದಲ ವಾರದಲ್ಲಿ ಸಾಮಾನ್ಯ. ಎರಡು ವಾರ ಕಳೆದರೂ ಅದು ನಿಲ್ಲದಿದ್ದರೆ, ನಿದ್ದೆ ಬಾರದೆ ಮಗುವಿನಲ್ಲಿ ಮನಸ್ಸು ನಿಲ್ಲದಿದ್ದರೆ, ಅದು ಸೋಮಾರಿತನವೂ ಅಲ್ಲ, ಗಾಳಿ ಸೋಕಿದುದೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಖಿನ್ನತೆ. ಹಿರಿಯರು ಬಾಣಂತಿ ಸನ್ನಿಯೆನ್ನುವ, ಅಸಂಬದ್ಧ ಮಾತು ಮತ್ತು ಭ್ರಮೆಯ ಸ್ಥಿತಿಯಂತೂ ತುರ್ತು ಚಿಕಿತ್ಸೆಯನ್ನು ಬೇಡುತ್ತದೆ. ಹತ್ತಿರದಲ್ಲಿ ತಜ್ಞರಿಲ್ಲದವರು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬಹುದು. ತಂದೆಯಾದವನಿಗೂ ನಿದ್ದೆಗೇಡು, ಹಣದ ಚಿಂತೆ, ಅಂಜಿಕೆ ತಪ್ಪಿದ್ದಲ್ಲ. ಅದನ್ನು ಹೇಳಿಕೊಳ್ಳುವುದರಲ್ಲಿ ಕೀಳರಿಮೆಯೇನೂ ಬೇಡ.

ಇಷ್ಟೆಲ್ಲವನ್ನೂ ಒಬ್ಬನೇ ಹೊರಬೇಕೆಂದಲ್ಲ. ಮಕ್ಕಳನ್ನು ಹೆತ್ತು ಬೆಳೆಸಿದ ಅನುಭವಸ್ಥ ಗೃಹಿಣಿಯರು, ರಕ್ತದಾನಕ್ಕೆ ಮುಂದಾಗುವ ತರುಣರು ಪ್ರತಿಯೊಂದು ಕನ್ನಡ ಸಂಘದಲ್ಲೂ ಇದ್ದಾರೆ. ಬಡಾವಣೆವಾರು ಅಂಥವರ ಪಟ್ಟಿಯೊಂದನ್ನು ಸಂಘಗಳು ಇಟ್ಟುಕೊಂಡರೆ, ನಿನ್ನೆ ಮೊನ್ನೆ ನಗರಕ್ಕೆ ಬಂದ ದಂಪತಿಗಳಿಗೂ ನಡುರಾತ್ರಿಯಲ್ಲಿ ಕನ್ನಡದಲ್ಲಿ ಕೂಗಿ ಕರೆಯಲು ಒಂದು ಬಾಗಿಲು ದೊರೆತಂತಾಗುವುದು.