ಯೂರೋಪಿನ ಪೌರತ್ವ ಮತ್ತು ಪ್ರೌಢಶಾಲೆ: ಲಕ್ಸೆಂಬರ್ಗಿನ ಒಂದು ಪ್ರಯೋಗ

ಯೂರೋಪಿನ ಒಕ್ಕೂಟದ ಪೌರತ್ವವನ್ನು ಶಾಸನಬದ್ಧಗೊಳಿಸಿದುದು 1992ರ ಫೆಬ್ರವರಿಯಲ್ಲಿ ಸಹಿಯಾಗಿ 1993ರ ನವೆಂಬರಿನಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದ. ಸದಸ್ಯರಾಷ್ಟ್ರವೊಂದರ ಪ್ರಜೆಯಾದವನು ಅಷ್ಟರಿಂದಲೇ ಒಕ್ಕೂಟದ ಪೌರನೂ ಆಗುತ್ತಾನೆ. ಬೇರೊಂದು ಸದಸ್ಯರಾಷ್ಟ್ರದಲ್ಲಿ ನೆಲಸಿದ್ದರೆ ಅಲ್ಲಿಯ ಪುರಸಭೆಯ ಚುನಾವಣೆಯಲ್ಲಿಯೂ ಯೂರೋಪಿನ ಪಾರ್ಲಿಮೆಂಟಿನ ಚುನಾವಣೆಯಲ್ಲಿಯೂ ಮತ ನೀಡುವ ಹಕ್ಕು ಅವನಿಗುಂಟು. ಆದರೆ ಇಂಥ ಪೌರನನ್ನು ಸಿದ್ಧಪಡಿಸುವ ಕಾರ್ಯ ಶಾಲೆಯಲ್ಲಿ ಮೊದಲಾದುದು ಇದಕ್ಕೆ ಸುಮಾರು ನಲವತ್ತು ವರ್ಷ ಮುಂಚೆ. ಕಾನೂನಿಗಿಂತ ಮೊದಲೇ ಪಾಠ ಆರಂಭವಾದ ಈ ಸಂಗತಿಯನ್ನು, ಅದರಲ್ಲಿಯೂ ಇತಿಹಾಸದ ಪಾಠಕ್ಕೆ ಅಲ್ಲಿ ದೊರೆತ ಸ್ಥಾನವನ್ನು, ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎಂಬ ಆರು ರಾಷ್ಟ್ರಗಳು 1951ರ ಪ್ಯಾರಿಸ್ ಒಪ್ಪಂದದಿಂದ ತಮ್ಮ ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮಗಳ ಮೇಲ್ವಿಚಾರಣೆಯನ್ನು ಸಮಾನವಾದ ಒಂದು ಅಧಿಕಾರಮಂಡಲಿಗೆ ಒಪ್ಪಿಸಿದುದು ವಾಚಕರಿಗೆ ವಿದಿತವೇ ಆಗಿದೆ. ಝಾನ್ ಮೊನೆ ಅವರ ಅಧ್ಯಕ್ಷತೆಯ ಆ ಮಂಡಲಿ 1952ರ ಆಗಸ್ಟಿನಲ್ಲಿ ಲಕ್ಸೆಂಬರ್ಗ್ ನಗರದಲ್ಲಿ ಕಾರ್ಯಾರಂಭ ಮಾಡಿತು. ನಾನಾ ದೇಶಗಳ ಅಧಿಕಾರಿಗಳು ಸಂಸಾರಸಮೇತರಾಗಿ ಬಂದಿಳಿದರು. ಮಕ್ಕಳನ್ನು ಎಲ್ಲಿ ಓದಿಸುವುದು? ವರ್ಗವಾಗಿ ಬಂದ ಯಾವ ನೌಕರನಿಗೂ ಎದುರಾಗುವ ಈ ಪ್ರಶ್ನೆಯೇ ಯೂರೋಪಿಯನ್ ಶಾಲೆಯ ಮೂಲ. ಆದರ್ಶದ ಮಾತು ಬಂದುದು ಆಮೇಲೆ. ತಂದೆತಾಯಿಗಳು ಸಂಘವೊಂದನ್ನು ಕಟ್ಟಿಕೊಂಡು 1953ರ ಅಕ್ಟೋಬರಿನಲ್ಲಿ ಪ್ರಾಥಮಿಕ ತರಗತಿಗಳನ್ನು ತೆರೆದರು. ಬೇಗನೆ ಪ್ರೌಢ ವಿಭಾಗವೂ ಸೇರಿತು. 1957ರ ಏಪ್ರಿಲಿನಲ್ಲಿ ಆರು ಸರ್ಕಾರಗಳು ಶಾಲೆಯ ನಿಬಂಧನೆಗೆ ಸಹಿ ಹಾಕಿದವು. 1959ರಲ್ಲಿ ಮೊದಲ ಬಾರಿಗೆ ಯೂರೋಪಿಯನ್ ಬ್ಯಾಕಲೋರಿಯೆಟ್ ಪ್ರಮಾಣಪತ್ರಗಳನ್ನು ನೀಡಲಾಯಿತು. ಆ ಪತ್ರ ಆರು ದೇಶಗಳಲ್ಲಿಯೂ ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ಮಾನ್ಯವಾಗಿತ್ತು. ಇದು ಸಣ್ಣ ಸಾಧನೆಯಲ್ಲವೆಂಬುದನ್ನು, ಒಂದು ವಿಶ್ವವಿದ್ಯಾನಿಲಯದಿಂದ ಇನ್ನೊಂದಕ್ಕೆ ಅರ್ಹತಾಪತ್ರ ಹಿಡಿದು ಅಲೆದವರು ಬಲ್ಲರು.

ಶಾಲೆಯ ರಚನೆ ಹೀಗಿದೆ. ಜರ್ಮನ್, ಫ್ರೆಂಚ್, ಇಟಾಲಿಯನ್, ಡಚ್ ಮೊದಲಾದ ಭಾಷಾವಿಭಾಗಗಳು. ಪ್ರತಿಯೊಂದು ವಿಭಾಗಕ್ಕೂ ಆಯಾ ಸರ್ಕಾರ ಕಳುಹಿಸಿದ ಉಪಾಧ್ಯಾಯರು. ಮಗುವಿನ ಮೂಲಶಿಕ್ಷಣ, ಗಣಿತ ಮೊದಲಾದವು ಮಾತೃಭಾಷೆಯಲ್ಲಿಯೇ ನಡೆಯುತ್ತವೆ. ಎರಡನೆಯ ಭಾಷೆಯ ಅಭ್ಯಾಸ ಎಳೆಯ ವಯಸ್ಸಿನಲ್ಲಿಯೇ ಮೊದಲಾಗುತ್ತದೆ. ಅದು ಆದಿಯಲ್ಲಿ ಫ್ರೆಂಚ್ ಅಥವಾ ಜರ್ಮನ್ ಆಗಿತ್ತು. ಬ್ರಿಟನ್ ಸಮುದಾಯವನ್ನು ಸೇರಿದ 1973ರ ತರುವಾಯ ಇಂಗ್ಲಿಷೂ ಆ ಸಾಲಿಗೆ ಬಂದಿತು. ಪ್ರೌಢ ವಿಭಾಗದಲ್ಲಿ ಇತಿಹಾಸ ಮತ್ತು ಭೂಗೋಳಗಳನ್ನು ಕಲಿಸುವುದು ಈ ಎರಡನೆಯ ಭಾಷೆಯಲ್ಲಿ. ಎಂದರೆ, ಬೇರೆಬೇರೆ ವಿಭಾಗಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕೂಡಿ, ತಮ್ಮದಲ್ಲದ ಭಾಷೆಯಲ್ಲಿ, ಅನೇಕ ವೇಳೆ ತಮ್ಮ ದೇಶದವರಲ್ಲದ ಉಪಾಧ್ಯಾಯರಿಂದ, ತಮ್ಮ ದೇಶದ ಇತಿಹಾಸವನ್ನು ಕೇಳಬೇಕು. ಇಡೀ ವ್ಯವಸ್ಥೆಯ ಮರ್ಮ ಇದರಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ನೆಪೋಲಿಯನ್ನನ ಪಾಠವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಫ್ರೆಂಚ್ ಬಾಲಕನ ಮನೆಯಲ್ಲಿ ಅವನು ಸಂಹಿತೆಯನ್ನು ಕೊಟ್ಟ ಚಕ್ರವರ್ತಿ. ಜರ್ಮನ್ ಬಾಲಕನಿಗೆ 1806ರಲ್ಲಿ ಯೇನಾದಲ್ಲಿ ಪ್ರಷ್ಯವನ್ನು ಮುರಿದು ಬರ್ಲಿನ್ನನ್ನು ಹೊಕ್ಕವನು. ಆದರೂ ರೈನ್ ನದಿಯ ಎಡದಂಡೆಯ ಜರ್ಮನ್ ನಾಡಿನಲ್ಲಿ ಅವನ ಸಿವಿಲ್ ಸಂಹಿತೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ನಡೆಯಿತು. ಡಚ್ ಬಾಲಿಕೆಗೆ ಅವನು ತನ್ನ ತಮ್ಮ ಲೂಯಿಯನ್ನು ರಾಜನನ್ನಾಗಿ ಕಳುಹಿಸಿ, 1810ರಲ್ಲಿ ಆ ರಾಜ್ಯವನ್ನೇ ನುಂಗಿದವನು. ಇಟಲಿಯವರಿಗೆ 1805ರಲ್ಲಿ ತಾನೇ ಇಟಲಿಯ ದೊರೆಯಾದವನು. ಶಾಲೆ ನಿಂತಿರುವ ಲಕ್ಸೆಂಬರ್ಗಂತೂ 1795ರಿಂದ ಫ್ರಾನ್ಸಿನ ಒಂದು ಜಿಲ್ಲೆಯೇ ಆಗಿದ್ದಿತು. ಒಂದು ರಾಷ್ಟ್ರದ ತರಗತಿಯಲ್ಲಿ ಇವುಗಳಲ್ಲಿ ಯಾವುದಾದರೂ ಒಂದನ್ನು ಹೇಳಿ ಪಾಠವನ್ನು ಮುಗಿಸಬಹುದು. ಇಲ್ಲಿ ಹಾಗೆ ಮುಗಿಸಲು ಪಕ್ಕದ ಬೆಂಚಿನವರು ಬಿಡುವುದಿಲ್ಲ.

ನೆಪೋಲಿಯನ್ ದೂರದವನು. ಶಾಲೆ ಆರಂಭವಾದಾಗ ಎರಡನೆಯ ಮಹಾಯುದ್ಧ ಮುಗಿದು ಕೇವಲ ಎಂಟು ವರ್ಷಗಳಾಗಿದ್ದವು. 1940ರ ಮೇ 10ರಂದು ಜರ್ಮನ್ ಸೈನ್ಯ ಲಕ್ಸೆಂಬರ್ಗನ್ನು ಹೊಕ್ಕಿತ್ತು; 1942ರ ಆಗಸ್ಟಿನಲ್ಲಿ ಅಲ್ಲಿಯ ಯುವಕರನ್ನು ಜರ್ಮನ್ ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸುವ ಆಜ್ಞೆ ಹೊರಟಾಗ ಜನ ಮುಷ್ಕರ ಹೂಡಿದರು, ಮುಷ್ಕರಗಾರರು ಗುಂಡಿಗೆ ಬಲಿಯಾದರು. ಅದೇ ದೇಶದ ರಾಜಧಾನಿಯಲ್ಲಿ, ಆ ಗಾಯ ಹಸಿಯಾಗಿದ್ದಾಗಲೇ, ಜರ್ಮನ್ ಮಕ್ಕಳನ್ನು ಫ್ರೆಂಚ್ ಮತ್ತು ಲಕ್ಸೆಂಬರ್ಗಿನ ಮಕ್ಕಳೊಡನೆ ಕೂರಿಸಲಾಯಿತು. ಪೌರನೀತಿಯ ಯಾವ ಪಠ್ಯಪುಸ್ತಕವೂ ಇದಕ್ಕೆ ಸಮನಾಗಲಾರದು.

ಇಲ್ಲಿ ಇತಿಹಾಸದ ಅಧ್ಯಾಪಕರು ಒಂದು ಆಕ್ಷೇಪವನ್ನು ಎತ್ತಬಹುದು. ಪರಭಾಷೆಯಲ್ಲಿ ಇತಿಹಾಸವನ್ನು ಓದಿದವನು ವಿಷಯವನ್ನು ಗ್ರಹಿಸದೆ ವಾಕ್ಯಗಳನ್ನು ಗಟ್ಟಿಮಾಡುತ್ತಾನೆ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕಾದ ನಮ್ಮ ವಿದ್ಯಾರ್ಥಿಗಳಲ್ಲಿ ಇದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಆದರೆ ಎರಡು ಸಂದರ್ಭಗಳೂ ಒಂದೇ ಅಲ್ಲ. ಅಲ್ಲಿ ಮಾತೃಭಾಷೆಯ ಅಡಿಪಾಯವನ್ನು ಕೊನೆಯ ವರ್ಷದವರೆಗೂ ಕದಲಿಸುವುದಿಲ್ಲ. ಎರಡನೆಯ ಭಾಷೆಯನ್ನು ಹಲವು ವರ್ಷ ಪಳಗಿಸಿದ ಮೇಲೆಯೇ ಅದರಲ್ಲಿ ಇತಿಹಾಸವನ್ನು ಹೇಳುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಭಾಷೆಯನ್ನು ಮನೆಮಾತಾಗಿ ಆಡುವ ಗೆಳೆಯನು ಆಟದ ಬಯಲಿನಲ್ಲಿ ಎದುರಿಗೇ ಇದ್ದಾನೆ.

ಪ್ರಯೋಗದ ನಿಜವಾದ ಕೊರತೆ ಬೇರೆ. ಈ ಶಾಲೆಗಳು ಮುಖ್ಯವಾಗಿ ಅಧಿಕಾರಿಗಳ ಮಕ್ಕಳಿಗಾಗಿ ಇರುವುವು. ಗಣಿಕಾರ್ಮಿಕನ ಮಗನಿಗೆ, ಹಳ್ಳಿಯ ರೈತನ ಮಗಳಿಗೆ ಅಲ್ಲಿ ಸ್ಥಳ ದೊರೆಯುವುದು ವಿರಳ. ಯೂರೋಪಿನ ಪೌರತ್ವದಲ್ಲಿ ನಂಬಿಕೆ ಮೂಡಬೇಕಾದುದು ಇವರಲ್ಲಿ. ಅಧಿಕಾರಿಯ ಮಗುವಿಗೆ ಅದು ಮನೆಯಲ್ಲಿಯೇ ದೊರೆಯುತ್ತದೆ. ಸಾಮಾನ್ಯ ಶಾಲೆಗಳಿಗಾಗಿ ಒಕ್ಕೂಟ 1995ರಲ್ಲಿ ಕೊಮೇನಿಯಸ್ ಎಂಬ ಯೋಜನೆಯನ್ನು ಹೂಡಿತು. ಧಾರ್ಮಿಕ ಯುದ್ಧದಿಂದ ದೇಶಭ್ರಷ್ಟನಾಗಿ ಪೋಲೆಂಡು, ಹಂಗರಿಗಳಲ್ಲಿ ಕಲಿಸಿ 1670ರಲ್ಲಿ ಆಮ್‌ಸ್ಟರ್ಡ್ಯಾಮಿನಲ್ಲಿ ತೀರಿಕೊಂಡ ಮೊರೇವಿಯದ ಶಿಕ್ಷಣತಜ್ಞನ ಹೆಸರು ಅದು. ಹೆಸರಿನ ಆಯ್ಕೆ ಯುಕ್ತವಾಗಿದೆ. ಬೇರೆಬೇರೆ ದೇಶಗಳ ಶಾಲೆಗಳು ಜೊತೆಗೂಡಿ ಒಂದು ವಿಷಯವನ್ನು ಅಭ್ಯಸಿಸುವುದು, ವಿದ್ಯಾರ್ಥಿಗಳು ಪರಸ್ಪರರ ಊರಿಗೆ ಹೋಗಿಬರುವುದು ಅದರ ಕ್ರಮ. 2014ರಲ್ಲಿ ಇದು ಎರಾಸ್ಮಸ್ ಯೋಜನೆಯಲ್ಲಿ ವಿಲೀನವಾಯಿತು. ಇಂಥ ಭೇಟಿಗಳು ಎಷ್ಟೋ ವೇಳೆ ಭೋಜನ, ನೃತ್ಯ, ಧ್ವಜಗಳ ಪ್ರದರ್ಶನದಲ್ಲಿ ಮುಗಿದುಹೋಗುವ ಅಪಾಯವುಂಟು. ಕೂಡಿ ಉಂಡವರೆಲ್ಲ ಕೂಡಿ ವಾದಿಸಿದವರಾಗುವುದಿಲ್ಲ.

ವಾದದ ಮಹತ್ತ್ವಕ್ಕೆ ಇತಿಹಾಸಕಾರರ ಅನುಭವವೇ ಸಾಕ್ಷಿ. 1951ರಲ್ಲಿ ಫ್ರೆಂಚ್ ಮತ್ತು ಜರ್ಮನ್ ವಿದ್ವಾಂಸರು ಪಠ್ಯಪುಸ್ತಕಗಳ ಸುಧಾರಣೆಗಾಗಿ ಕೂಡಿ, 1914ರ ಯುದ್ಧವನ್ನು ಯಾವ ಒಂದು ಸರ್ಕಾರವೂ ಬುದ್ಧಿಪೂರ್ವಕವಾಗಿ ಬಯಸಿತೆಂದು ಹೇಳಲು ದಾಖಲೆಗಳು ಅವಕಾಶ ಕೊಡುವುದಿಲ್ಲವೆಂದು ಒಪ್ಪಿಕೊಂಡರು. ಸ್ನೇಹಕ್ಕೆ ಅದು ಅನುಕೂಲವಾದ ತೀರ್ಮಾನ. ಹತ್ತೇ ವರ್ಷಗಳಲ್ಲಿ, 1961ರಲ್ಲಿ, ಜರ್ಮನಿಯವರೇ ಆದ ಫ್ರಿಟ್ಸ್ ಫಿಷರ್ ತಮ್ಮ ದೇಶದ ಹೊಣೆಯನ್ನು ದಾಖಲೆಗಳಿಂದಲೇ ಎತ್ತಿ ತೋರಿಸಿದರು. 2003ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ಎರಡೂ ದೇಶಗಳ ತರುಣರು ಸಮಾನ ಇತಿಹಾಸ ಪಠ್ಯವೊಂದನ್ನು ಕೇಳಿದರು. ಅದು 2006, 2008, 2011ರಲ್ಲಿ ಮೂರು ಸಂಪುಟಗಳಾಗಿ ಎರಡೂ ಭಾಷೆಗಳಲ್ಲಿ ಹೊರಬಂದಿತು. ಅದರಲ್ಲಿ ಎರಡು ದೇಶಗಳ ದೃಷ್ಟಿಗಳು ಎಲ್ಲಿ ಬೇರೆಯಾಗುತ್ತವೆಂಬುದನ್ನು ಮುಚ್ಚಿಡದೆ ಎದುರುಬದುರಾಗಿ ಇರಿಸಿದ್ದಾರೆ. 1951ರ ಸಮಾಧಾನಕ್ಕಿಂತ ಇದು ಲಕ್ಸೆಂಬರ್ಗಿನ ತರಗತಿಗೆ ಹತ್ತಿರವಾದ ಮಾರ್ಗ.

ಒಕ್ಕೂಟದ ಪೌರತ್ವ ಕಳೆದುಹೋಗಬಹುದೆಂಬುದು 2020ರ ಜನವರಿ 31ರಂದು ಬ್ರಿಟನ್ ಹೊರನಡೆದಾಗ ಸಿದ್ಧವಾಯಿತು. ಆಕ್ಸ್‌ಫರ್ಡಿನ ಸಮೀಪದ ಕಲಮ್‌ನಲ್ಲಿ 1978ರಿಂದ ನಡೆದಿದ್ದ ಯೂರೋಪಿಯನ್ ಶಾಲೆ 2017ರಲ್ಲಿಯೇ ಮುಚ್ಚಿತ್ತು; ಮುಚ್ಚುವ ನಿರ್ಧಾರವಾದುದು 2016ರ ಜನಮತಗಣನೆಗಿಂತ ಬಹಳ ಹಿಂದೆ, ಬೇರೆ ಕಾರಣಗಳಿಗಾಗಿ. ಇತ್ತ ಆಸ್ಟ್ರಿಯ 2007ರಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿತು; 2024ರ ಯೂರೋಪಿನ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಜರ್ಮನಿ, ಬೆಲ್ಜಿಯಂಗಳಲ್ಲಿಯೂ 16 ತುಂಬಿದವರು ಮತ ಹಾಕಿದರು. ಯೂರೋಪಿಯನ್ ಶಾಲೆಯ ವಿದ್ಯಾರ್ಥಿ ಎರಡನೆಯ ಭಾಷೆಯಲ್ಲಿ ಇತಿಹಾಸದ ಪಾಠಕ್ಕೆ ಕೂರುವುದು ಇದಕ್ಕಿಂತ ಒಂದೆರಡು ವರ್ಷ ಮೊದಲು.